ಕತ್ತರಿ ಅಕ್ಕನ ಕಾಲಿಂಚು

ನಮ್ಮ ಅಂಗಡಿಗೆ ಬರುವವರಿಗೆ ಅವಳ ಮುಖ ಗೊತ್ತು, ನನ್ನ ಬೆನ್ನು ಗೊತ್ತು. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ ಅದು. ಬಾಗಿಲಿಗೆ ಎದುರಾಗಿ ಅವಳ ಬಟ್ಟೆ ಕತ್ತರಿಸುವ ಮೇಜು, ಹಿಂದಿನ ಗೋಡೆಗೆ ಮುಖ ಮಾಡಿ ನನ್ನ ಹೊಲಿಗೆ ಮಿಷನ್. ಕಿಟಕಿ ಇರುವುದು ಹಿಂದಿನ ಗೋಡೆಯಲ್ಲಿ, ಬೆಳಕು ಬೇಕಾದವಳು ನಾನು, ಹಾಗಾಗಿ ಗೋಡೆ ನೋಡಿಕೊಂಡೇ ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ಗಿರಾಕಿಗಳು ಅವಳನ್ನು ಕತ್ತರಿ ಅಕ್ಕ ಎನ್ನುತ್ತಾರೆ, ನನ್ನನ್ನು ಮಿಷನ್ ಅಕ್ಕ ಎನ್ನುತ್ತಾರೆ. ಕರೆಯುವ ಸಂದರ್ಭ ಬಂದರೆ ತಾನೇ.

ಅವಳ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದು ಕೂತಿದ್ದೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅಪರೂಪಕ್ಕೊಮ್ಮೆ ಅಲ್ಲ, ದಿನಾ. ಅವಳು ನನ್ನ ಜೀವದ ಗೆಳತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆಳತಿಯರ ನಡುವೆ ಹೊಟ್ಟೆಕಿಚ್ಚು ಇರಬಾರದು ಎನ್ನುವವರು ಯಾರೂ ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವರಲ್ಲ.

ಇಬ್ಬರಿಗೂ ಒಂದೇ ವಯಸ್ಸು, ನಲವತ್ತೊಂಬತ್ತು. ಅವಳನ್ನು ನೋಡಿದವರು ನಲವತ್ತು ಇರಬಹುದು ಎನ್ನುತ್ತಾರೆ. ನನ್ನನ್ನು ನೋಡಿದವರು ಏನೂ ಹೇಳುವುದಿಲ್ಲ. ಅವಳ ಕುತ್ತಿಗೆಯಲ್ಲಿ ಯಾವಾಗಲೂ ಅಳತೆಯ ಟೇಪು ನೇತಾಡುತ್ತಿರುತ್ತದೆ, ಬಸ್ಸು ಹತ್ತುವಾಗಲೂ ತೆಗೆಯಲು ಮರೆತಿರುತ್ತಾಳೆ. ನಿಜ ಹೇಳಬೇಕೆಂದರೆ ಅವಳಿಗೆ ಟೇಪೇ ಬೇಕಿಲ್ಲ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಎದೆ, ಸೊಂಟ, ತೋಳು ಎಲ್ಲದರ ಲೆಕ್ಕ ತಲೆಯಲ್ಲಿ ಬಂದು ಕೂರುತ್ತದೆ. ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಇಟ್ಟಳೆಂದರೆ ಆ ಗೆರೆ ಬಿಟ್ಟು ಒಂದು ನೂಲಿನಷ್ಟೂ ಅತ್ತಿತ್ತ ಹೋಗುವುದಿಲ್ಲ. ಇಷ್ಟು ವರ್ಷದಲ್ಲಿ ಹಾಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಕೆಟ್ಟ ಗುಣಗಳೂ ಇವೆ, ಅವನ್ನು ಬರೆಯುವುದು ನನಗೆ ಇನ್ನೂ ಇಷ್ಟ. ಅಂಗಡಿ ಗುಡಿಸುವುದಿಲ್ಲ. ನನ್ನ ಬಾಚಣಿಗೆ ತೆಗೆದುಕೊಂಡು ಹೋಗಿ ಅದು ತನ್ನದೇ ಎಂದು ವಾದಿಸುತ್ತಾಳೆ. ಬಂದವರಿಗೆಲ್ಲ ‘ನಾಳೆ ಬನ್ನಿ, ರೆಡಿ ಇರತ್ತೆ’ ಎಂದುಬಿಡುತ್ತಾಳೆ, ಆ ನಾಳೆಗಾಗಿ ಪೆಡಲ್ ತುಳಿಯುವವಳು ನಾನು. ಗಿರಾಕಿ ಬಟ್ಟೆ ತೊಟ್ಟು ಕನ್ನಡಿಯ ಮುಂದೆ ತಿರುಗಿ ‘ಎಂಥಾ ಕಟಿಂಗ್ ಅಕ್ಕ ನಿಮ್ದು’ ಎಂದಾಗ ಇವಳು ಹಲ್ಲು ಕಿರಿದು ನಿಲ್ಲುತ್ತಾಳೆ. ಹೊಲಿಗೆ ಚೆನ್ನಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಚ್ಚಿಕೊಂಡ ದಿನ ಮಾತ್ರ ಮಿಷನ್ ಅಕ್ಕನ ನೆನಪಾಗುತ್ತದೆ. ನನ್ನ ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು, ಯಾರ ಬಗ್ಗೆಯೂ ಮಾತಾಡುವವರಲ್ಲ. ಅವರೂ ಒಂದು ದಿನ ಊಟಕ್ಕೆ ಕೂತು ‘ಆಕೆ ಇರೋದಕ್ಕೆ ನಿಮ್ಮ ಅಂಗಡಿ ನಡೀತಿದೆ’ ಎಂದರು. ಆ ದಿನ ಅವರಿಗೆ ಎರಡನೇ ಸಲ ಬಡಿಸಲಿಲ್ಲ.

ಅವಳ ಗಂಡ ಲಾರಿ ಓಡಿಸುತ್ತಿದ್ದ. ಮದುವೆಯಾಗಿ ಎಂಟು ವರ್ಷಕ್ಕೆ ಯಾವುದೋ ಜ್ವರದಲ್ಲಿ ಹೋದ. ಮಕ್ಕಳಿಲ್ಲ. ಬೇಕರಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಾಳೆ, ಬಟ್ಟೆಯಿಂದ ಬ್ರೆಡ್ಡಿನ ವಾಸನೆ ಬರುತ್ತದೆ. ಹೇಳುವವರು ಕೇಳುವವರು ಎಂದರೆ ನಾನೊಬ್ಬಳು.

ನಮಗೆ ಪರಿಚಯವಾದದ್ದು ಬಟ್ಟೆ ಕಾರ್ಖಾನೆಯಲ್ಲಿ. ಅವಳು ಕತ್ತರಿಸುವ ವಿಭಾಗದಲ್ಲಿ, ನಾನು ಹೊಲಿಯುವ ಸಾಲಿನಲ್ಲಿ. ಅಲ್ಲಿ ಎರಡು ತುಂಡು ಜೋಡಿಸುವಾಗ ಅಂಚಿನಿಂದ ಅರ್ಧ ಇಂಚು ಒಳಗೆ ಹೊಲಿಗೆ ಬೀಳಬೇಕು. ನನ್ನದು ಬೀಳುತ್ತಿದ್ದದ್ದು ಮುಕ್ಕಾಲು ಇಂಚಿಗೆ. ಎಷ್ಟು ಹಲ್ಲು ಕಚ್ಚಿ ಕೂತರೂ ಕೈ ಅಲ್ಲಿಗೇ ಹೋಗುತ್ತಿತ್ತು, ಅಂಗಿಗಳು ಬಿಗಿಯಾಗುತ್ತಿದ್ದವು. ಸೂಪರ್‌ವೈಸರ್ ಎಲ್ಲರ ಮುಂದೆ ನಾನು ಹೊಲಿದ ಅಂಗಿ ಎತ್ತಿ ಹಿಡಿದು, ‘ಇವಳ ಮಿಷನ್ ಬಟ್ಟೆ ಹೊಲಿಯಲ್ಲ, ಬಟ್ಟೆ ತಿನ್ನತ್ತೆ’ ಎಂದ. ನನ್ನನ್ನು ಗುಂಡಿ ಹಾಕುವ ಕೆಲಸಕ್ಕೆ ತಳ್ಳಿದರು. ಆ ಮಧ್ಯಾಹ್ನ ಇವಳು ಊಟದ ಡಬ್ಬಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು, ‘ಅಳೋದು ಸಾಕು ಬಾರೇ, ನಾವಿಬ್ರೇ ಒಂದು ಅಂಗಡಿ ಹಾಕೋಣ’ ಎಂದಳು. ಅಂಗಡಿ ಹಾಕಿದ ಮೇಲೆ ನನ್ನ ಹೊಲಿಗೆಯ ಬಗ್ಗೆ ಒಂದು ದೂರೂ ಬರಲಿಲ್ಲ. ಸೂಪರ್‌ವೈಸರನ ಕಾಟ ತಪ್ಪಿದ್ದರಿಂದ ಕೈ ತಾನಾಗಿ ಹದಕ್ಕೆ ಬಂತು ಎಂದುಕೊಂಡೆ. ಅದೊಂದು ಹೆಮ್ಮೆ ನನಗಿತ್ತು.

ಹೋದ ವರ್ಷ ಒಂದು ದ್ವೀಪದ ಅತಿಥಿಗೃಹದಿಂದ ಕೆಲಸದವರ ಸಮವಸ್ತ್ರಕ್ಕೆ ಆರ್ಡರ್ ಬಂತು. ಅಳತೆಗಳು ಕಾಗದದಲ್ಲಿ ಬಂದವು, ಬಟ್ಟೆಗಳು ಪೆಟ್ಟಿಗೆಯಲ್ಲಿ ಹೋದವು. ಒಂದೂ ವಾಪಸ್ಸು ಬರಲಿಲ್ಲ. ಯಜಮಾನಿ ಫೋನ್ ಮಾಡಿ, ‘ಮೈಗೆ ಅಂಟಿಸಿದ ಹಾಗೆ ಕೂತಿವೆ. ನಾಲ್ಕು ದಿನ ಬಂದು ಇದ್ದು ಹೋಗಿ, ನನ್ನ ಅತಿಥಿಗಳಾಗಿ’ ಎಂದು ಕರೆದರು. ನಾವಿಬ್ಬರೂ ಜನ್ಮದಲ್ಲಿ ರಜೆ ಎಂದು ಹೋದವರಲ್ಲ. ಅಂಗಡಿಗೆ ಬೀಗ ಹಾಕಿ ಹೊರಟೇಬಿಟ್ಟೆವು.

ಲಾಂಚಿನಲ್ಲಿ ಎರಡು ಗಂಟೆ ಪ್ರಯಾಣ. ನಾನು ಪ್ಲಾಸ್ಟಿಕ್ ಕವರಿನಲ್ಲಿ ಮುಖವಿಟ್ಟು ವಾಂತಿ ಮಾಡುತ್ತಿದ್ದೆ, ಅವಳು ಲಾಂಚಿನವನ ಜೊತೆ ಕಡಲೆಕಾಯಿ ತಿನ್ನುತ್ತ ಅವನ ಅಂಗಿಯ ಕಾಲರ್ ಯಾಕೆ ವಕ್ರವಾಗಿದೆ ಎಂದು ವಿವರಿಸುತ್ತಿದ್ದಳು. ದಕ್ಕೆಯಲ್ಲಿ ಯಜಮಾನಿ ಕಾಯುತ್ತಿದ್ದರು. ಎತ್ತರದ ಹೆಂಗಸು, ತಲೆಗೆ ಅಗಲವಾದ ಹುಲ್ಲಿನ ಟೋಪಿ, ಸೊಂಟದಲ್ಲಿ ಬೀಗದ ಕೈ ಗೊಂಚಲು.

‘ಕಟಿಂಗ್ ಮಾಡೋದು ಯಾರು?’ ಎಂದು ಕೇಳಿದರು.

‘ನಾನು. ಹೊಲಿದಿದ್ದೆಲ್ಲ ಇವಳು’ ಎಂದಳು ನನ್ನ ಗೆಳತಿ.

‘ಹೌದಾ, ಒಳ್ಳೇದು’ ಎಂದು ನನ್ನ ಕಡೆ ಒಂದು ನಗೆ ಬೀರಿ, ಅವಳ ಕೈ ಹಿಡಿದುಕೊಂಡು ಮುಂದೆ ನಡೆದರು. ಎರಡೂ ಚೀಲ ನನ್ನ ಕೈಯಲ್ಲಿ ಉಳಿದವು. ಆಗಿಂದ ಆಕೆಗೆ ಮನಸ್ಸಿನಲ್ಲೇ ಟೋಪಿ ಮಹಾರಾಣಿ ಎಂದು ಹೆಸರಿಟ್ಟೆ.

ದ್ವೀಪ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಬಿಳಿ ಮರಳು, ತೆಂಗಿನ ಮರ, ಕಣ್ಣು ಹಾಯುವಷ್ಟು ದೂರ ನೀಲಿ ನೀರು. ಆದರೆ ಮನಸ್ಸು ಕೆಟ್ಟಾಗ ಕಾಣುವುದೇ ಬೇರೆ. ಉಪ್ಪುಗಾಳಿಗೆ ಬಟ್ಟೆ ಮೈಗೆ ಅಂಟುತ್ತಿತ್ತು. ಹಾಸಿಗೆಯಲ್ಲೂ ಮರಳು. ಸ್ನಾನದ ಮನೆಯ ಮೂಲೆಯಲ್ಲಿ ಒಂದು ಏಡಿ ಕೂತಿತ್ತು, ನಾನು ಚೀರಿದರೆ ಅದು ಅಲ್ಲಾಡಲಿಲ್ಲ, ಅವಳು ಬಂದು ‘ಪಾಪ ಕಣೇ’ ಎಂದು ಚೊಂಬಿನಲ್ಲಿ ಎತ್ತಿ ಹೊರಗೆ ಬಿಟ್ಟಳು. ಏಡಿ ಕೂಡ ಅವಳ ಮಾತು ಕೇಳಿತು.

ಎರಡನೇ ದಿನ ಬೆಳಿಗ್ಗೆ ಮಹಾರಾಣಿ ಅವಳನ್ನು ತನ್ನ ಹೊಲಿಗೆ ಕೋಣೆ ತೋರಿಸಲು ಕರೆದುಕೊಂಡು ಹೋದರು. ಆಕೆಯೂ ಹೊಲಿಯುತ್ತಾರಂತೆ, ಪರದೆ, ಹಾಸು, ದಿಂಬಿನ ಚೀಲ ಎಲ್ಲ ಆಕೆಯದೇ ಕೈ. ನಾನು ಇಬ್ಬರಿಗೂ ಎಳನೀರು ಹಿಡಿದುಕೊಂಡು ಹಿಂದೆ ಹೋದೆ. ಬಾಗಿಲ ಹೊರಗೇ ನಿಲ್ಲಬೇಕಾಯಿತು, ಯಾಕೆಂದರೆ ಒಳಗಿನ ಮಾತು ಕಿವಿಗೆ ಬಿತ್ತು.

‘ಇಲ್ಲೇ ಇದ್ದುಬಿಡಿ. ನೀವು ಕಟ್ ಮಾಡಿ, ನಾನು ಹೊಲಿತೀನಿ. ಇಲ್ಲಿಗೆ ಬರೋರಿಗೆ ಒಳ್ಳೇ ಫ್ರಾಕು ಸಿಗಲ್ಲ. ಹಿಂದಗಡೆ ಒಂದು ರೂಮಿದೆ, ನಿಮ್ಗೇ ಬಿಟ್ಟುಕೊಡ್ತೀನಿ. ಅಲ್ಲಿ ಹೇಗೂ ಒಬ್ರೇ ತಾನೇ ಇರೋದು?’

ನನ್ನ ಗೆಳತಿ, ‘ಯೋಚ್ನೆ ಮಾಡ್ತೀನಿ’ ಎಂದಳು.

ಬಾಗಿಲ ಸಂದಿಯಿಂದ ನೋಡಿದೆ. ಆ ಕೋಣೆ ನಮ್ಮ ಅಂಗಡಿಯ ಮೂರರಷ್ಟಿತ್ತು. ಕತ್ತರಿಸುವ ಮೇಜು ಕಿಟಕಿಯ ಪಕ್ಕದಲ್ಲಿ, ಕಿಟಕಿಯ ತುಂಬ ಸಮುದ್ರ. ಅವಳು ಮೇಜಿನ ಮೇಲೆ ಅಂಗೈ ಇಟ್ಟು ಉದ್ದಕ್ಕೂ ಸವರುತ್ತಿದ್ದಳು. ಇಲ್ಲ ಎನ್ನಲಿಲ್ಲವಲ್ಲ, ಯೋಚನೆ ಮಾಡುತ್ತಾಳಂತೆ. ಅವಳು ಇಲ್ಲಿ ಉಳಿದರೆ ನನ್ನ ಅಂಗಡಿ ಏನಾಗುತ್ತದೆ ಎನ್ನುವುದು ಆಮೇಲಿನ ಮಾತು. ಅವಳಿಲ್ಲದೆ ನಾನು ಬೆಳಿಗ್ಗೆ ಎದ್ದು ಯಾರ ಮೇಲೆ ಸಿಡುಕುವುದು? ಎರಡೂ ಎಳನೀರು ನಾನೇ ಕುಡಿದೆ.

ಇಡೀ ಮಧ್ಯಾಹ್ನ ಅವರಿಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತು ನಗುತ್ತಿದ್ದರು. ‘ಬಾರೇ’ ಎಂದು ಅವಳು ಮೂರು ಸಲ ಕರೆದಳು. ತಲೆನೋವು ಎಂದೆ. ದಡದಲ್ಲಿ ಕೂತು ಮೈ ಪರಚಿಕೊಳ್ಳುವುದೊಂದು ಬಾಕಿ. ನನ್ನ ಜೊತೆ ಹತ್ತೊಂಬತ್ತು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದಳೇ ಎಂದು ಲೆಕ್ಕ ಹಾಕಿದೆ. ನಕ್ಕಿದ್ದಳು, ತುಂಬ ಸಲ. ಅದು ನೆನಪಾಗಿ ಇನ್ನೂ ಉರಿಯಿತು.

ಸಂಜೆ ಅವಳು ಸ್ನಾನಕ್ಕೆ ಹೋಗಿದ್ದಾಗ ಮಹಾರಾಣಿ ಜಗಲಿಯಲ್ಲಿ ಪಪ್ಪಾಯಿ ಹೆಚ್ಚುತ್ತಿದ್ದರು. ನಾನು ಹೋಗಿ ಎದುರಿಗೆ ಕೂತೆ. ದನಿ ತಗ್ಗಿಸಿ, ತುಂಬ ಕಾಳಜಿಯಿಂದ ಹೇಳಿದೆ. ‘ನಿಮ್ಗೆ ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಅವಳ ಕಣ್ಣು ಈಚೆಗೆ ಮಂಜಾಗ್ತಿದೆ. ಡಾಕ್ಟ್ರು ಪೊರೆ ಬರ್ತಿದೆ ಅಂದಿದಾರೆ. ನಾನು ಹೇಳ್ದೆ ಅನ್ಬೇಡಿ, ಪಾಪ, ನೊಂದ್ಕೊಳ್ತಾಳೆ.’

ಆಕೆಯ ಚಾಕು ನಿಂತಿತು. ‘ಅಯ್ಯೋ, ಹೌದಾ’ ಎಂದರು. ನಾನು ಎರಡು ಹೋಳು ಪಪ್ಪಾಯಿ ತಿಂದು ಎದ್ದು ಬಂದೆ. ನಾಚಿಕೆಯಾಯಿತೇ ಎಂದರೆ, ಆಗ ಆಗಲಿಲ್ಲ.

ಮೂರನೇ ದಿನ ಪರೀಕ್ಷೆ. ಮಹಾರಾಣಿ ಹೂವಿನ ಬಟ್ಟೆಯ ಥಾನು ಬಿಚ್ಚಿ, ‘ಮೂರು ಫ್ರಾಕು ಕಟ್ ಮಾಡಿ ನೋಡೋಣ’ ಎಂದರು. ಅಡುಗೆಮನೆಯ ಹುಡುಗಿ, ಕೋಣೆ ಗುಡಿಸುವ ಹುಡುಗಿ, ಬಟ್ಟೆ ಒಗೆಯುವ ಹುಡುಗಿ, ಮೂವರ ಅಳತೆಗೆ. ತೋಳಿಲ್ಲದ ಸರಳ ಫ್ರಾಕು, ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ತುಂಡು. ನನ್ನ ಗೆಳತಿ ಅರ್ಧ ಗಂಟೆಯಲ್ಲಿ ಮೂರನ್ನೂ ಕತ್ತರಿಸಿಟ್ಟಳು. ಮಹಾರಾಣಿ ಕೂತು ಎರಡು ಹೊಲಿದರು. ಆಕೆಯ ಹೊಲಿಗೆ ನೇರ, ಅಚ್ಚುಕಟ್ಟು, ನನಗೆ ಅದರಲ್ಲೂ ಮೂಗು ಮುರಿಯಲು ಏನೂ ಸಿಗಲಿಲ್ಲ.

ಹುಡುಗಿಯರು ತೊಟ್ಟುಕೊಂಡು ಬಂದರು. ಎರಡೂ ದೊಗಲೆ. ಸುತ್ತ ಎರಡು ಇಂಚು ಹೆಚ್ಚಾಗಿ, ಯಾರದೋ ದೊಡ್ಡ ಅಕ್ಕನದು ಹಾಕಿಕೊಂಡ ಹಾಗೆ ಕಾಣುತ್ತಿದ್ದರು. ನನ್ನ ಗೆಳತಿಯ ಕಟಿಂಗ್ ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಖುಷಿಯಾಯಿತು. ಬಾಯಿ ಬಿಗಿಹಿಡಿದು ನಿಂತೆ.

ಮಹಾರಾಣಿ ಮೃದುವಾಗಿ, ‘ಬೇಜಾರ್ ಮಾಡ್ಕೋಬೇಡಿ ಅಕ್ಕ. ಮೊದ್ಲು ಕಣ್ಣು ತೋರಿಸ್ಕೊಳ್ಳಿ. ಪೊರೆ ಅಂದ್ರೆ ಈಗ ದೊಡ್ಡ ವಿಷ್ಯ ಅಲ್ಲ’ ಎಂದರು.

‘ಪೊರೆ?’ ಎಂದಳು ಅವಳು. ‘ಯಾರಿಗೆ?’

ಮಹಾರಾಣಿಯ ಕಣ್ಣು ನನ್ನ ಕಡೆ ಬಂತು. ನನ್ನ ಗೆಳತಿಯ ಕಣ್ಣೂ ಅದರ ಹಿಂದೆಯೇ ಬಂತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಹುಡುಗಿಯ ಮೈಮೇಲಿದ್ದ ಫ್ರಾಕಿನ ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು, ಏನೋ ಹೇಳಲು ಹೊರಟವಳು ತಡೆದುಕೊಂಡಳು. ಕುತ್ತಿಗೆಯ ಟೇಪು ತೆಗೆದು ಸುತ್ತಿ ಮೇಜಿನ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಒಬ್ಬಳೇ ದಡದ ಕಡೆ ಹೋದಳು.

ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ಮೂರನೇ ಫ್ರಾಕಿನ ತುಂಡುಗಳು ಹಾಗೇ ಬಿದ್ದಿದ್ದವು. ಮಹಾರಾಣಿಯ ಮಿಷನ್ನಿಗೆ ಕೂತು ಹೊಲಿದೆ. ಬಟ್ಟೆ ಒಗೆಯುವ ಹುಡುಗಿಯನ್ನು ಕರೆದು ತೊಡಿಸಿದೆ. ಎಲ್ಲೂ ಒಂದು ಸುಕ್ಕಿಲ್ಲ, ಒಂದು ಎಳೆ ಸಡಿಲವಿಲ್ಲ. ಮೈಗೆ ಅಂಟಿಸಿದ ಹಾಗೆ ಕೂತಿತು.

ಒಂದೇ ಕತ್ತರಿ, ಒಂದೇ ಬಟ್ಟೆ, ಒಂದೇ ಹೊತ್ತಿನಲ್ಲಿ ಕತ್ತರಿಸಿದ್ದು. ಎರಡು ದೊಗಲೆ, ಇದು ಸರಿ. ಫ್ರಾಕು ಬಿಚ್ಚಿಸಿ ಒಳಮಗ್ಗುಲು ಮಾಡಿ, ಅವಳು ಬಿಟ್ಟುಹೋದ ಟೇಪನ್ನು ನನ್ನ ಹೊಲಿಗೆಯ ಮೇಲಿಟ್ಟೆ. ಅಂಚಿನಿಂದ ಮುಕ್ಕಾಲು ಇಂಚು. ಮಹಾರಾಣಿ ಹೊಲಿದದ್ದರ ಮೇಲಿಟ್ಟೆ. ಅರ್ಧ ಇಂಚು.

ನನ್ನ ಕೈ ಹದಕ್ಕೆ ಬಂದೇ ಇರಲಿಲ್ಲ. ನಾನು ಇವತ್ತಿಗೂ ಬಟ್ಟೆ ತಿನ್ನುವವಳೇ. ನಾನು ತಿನ್ನುವ ಕಾಲಿಂಚನ್ನು ಅವಳು ಪ್ರತಿ ಅಂಚಿಗೂ ಮೊದಲೇ ಸೇರಿಸಿ ಕತ್ತರಿಸುತ್ತಿದ್ದಳು. ನಾಲ್ಕು ಹೊಲಿಗೆ, ಒಂದೊಂದಕ್ಕೆ ಎರಡು ಅಂಚು, ಎಂಟು ಕಾಲಿಂಚು ಸೇರಿದರೆ ಎರಡು ಇಂಚು. ಮಹಾರಾಣಿಯ ಫ್ರಾಕು ದೊಗಲೆಯಾದದ್ದು ಸರಿಯಾಗಿ ಅಷ್ಟೇ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಇವಳು ಯಾರು ನನ್ನ ತಪ್ಪನ್ನು ಮುಚ್ಚಿಟ್ಟು ದೊಡ್ಡವಳಾಗಲು? ಆಮೇಲೆ, ಅವಳು ಏನೋ ಹೇಳಲು ಹೊರಟು ತಡೆದುಕೊಂಡದ್ದು ನೆನಪಾಯಿತು. ಫ್ರಾಕು ಹಿಡಿದು ನೋಡಿದ ಕೂಡಲೇ ಅವಳಿಗೆ ಗೊತ್ತಾಗಿತ್ತು. ‘ನನ್ನ ಕಣ್ಣು ಸರಿಯಾಗಿದೆ, ಇವಳ ಕೈಯೇ ಅಗಲ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನ್ನನ್ನು ಮತ್ತೊಮ್ಮೆ ಎಲ್ಲರ ಮುಂದೆ ನಿಲ್ಲಿಸಬೇಕಾಗುತ್ತದೆ ಎಂದು ಕುರುಡಿ ಎನ್ನಿಸಿಕೊಂಡು ಹೊರಗೆ ಹೋದಳು. ಅಳು ಬಂತು. ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಚೆನ್ನಾಗಿ ಅತ್ತೆ.

ಎದ್ದು ಸೀದಾ ಮಹಾರಾಣಿಯ ಹತ್ತಿರ ಹೋದೆ. ಒಳ್ಳೆಯತನದಿಂದ ಹೋದೆ ಎಂದುಕೊಳ್ಳಬೇಡಿ. ಇಷ್ಟಾದ ಮೇಲೂ ಅವಳೊಬ್ಬಳೇ ದೊಡ್ಡವಳಾಗಿ ಉಳಿಯುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

‘ನಾನು ನಿಮ್ಗೆ ಸುಳ್ಳು ಹೇಳ್ದೆ. ಅವಳ ಕಣ್ಣಿಗೆ ಏನೂ ಆಗಿಲ್ಲ. ನನ್ನ ಹೊಲಿಗೆ ಅಗಲ, ಅದಕ್ಕೆ ಅವಳು ಕಾಲಿಂಚು ಜಾಸ್ತಿ ಬಿಡ್ತಾಳೆ. ಅರ್ಧ ಇಂಚಿಗೆ ಕಟ್ ಮಾಡು ಅನ್ನಿ, ನಿಮ್ಮ ಕೈಗೆ ಸರಿಯಾಗಿ ಕೂರತ್ತೆ.’

ಆಕೆ ಟೋಪಿ ತೆಗೆದು ನನ್ನನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು. ‘ಸುಳ್ಳು ಯಾಕೆ ಹೇಳಿದ್ರಿ?’

‘ಹೊಟ್ಟೆಕಿಚ್ಚು’ ಎಂದೆ. ಬೇರೆ ಏನು ಹೇಳಲಿ.

ಸಂಜೆ ಅವಳು ದಡದಿಂದ ಬರುವಷ್ಟರಲ್ಲಿ ಮೇಜಿನ ಮೇಲೆ ನಾಲ್ಕನೇ ಫ್ರಾಕಿನ ಬಟ್ಟೆ ಹಾಸಿತ್ತು. ಮಹಾರಾಣಿ ಎಲ್ಲ ಹೇಳಿದರು. ಅವಳು ನನ್ನತ್ತ ನೋಡಲಿಲ್ಲ. ‘ಆಯ್ತು, ಅರ್ಧ ಇಂಚಿಗೇ ಕಟ್ ಮಾಡ್ತೀನಿ’ ಎಂದು ಸೀಮೆಸುಣ್ಣ ತೆಗೆದುಕೊಂಡಳು. ಗೆರೆ ಎಳೆದಳು. ಮಹಾರಾಣಿ ಟೇಪಿಟ್ಟು ಗೆರೆಯನ್ನು ಅಳೆದರು. ಸರಿಯಾಗಿತ್ತು. ಅಷ್ಟರಲ್ಲಿ ಯಾರೋ ಅತಿಥಿಗಳು ಕರೆದರೆಂದು ಆಕೆ ಹೊರಗೆ ಹೋದರು. ನಾನು ಬಾಗಿಲಲ್ಲೇ ಇದ್ದೆ. ಅವಳು ಕತ್ತರಿ ಎತ್ತಿಕೊಂಡಳು.

ಗೆರೆಯ ಮೇಲೆ ಹೋಗಬೇಕಾದ ಕತ್ತರಿ ಗೆರೆಯಿಂದ ಕಾಲಿಂಚು ಆಚೆ ಹೊರಟಿತು. ಉದ್ದಕ್ಕೂ ಹಾಗೇ, ಒಂದೇ ಸಮ. ಕತ್ತರಿಸಿ ಮುಗಿಸಿ ಉಳಿದ ಸೀಮೆಸುಣ್ಣದ ಗೆರೆಯನ್ನು ಅಂಗೈಯಿಂದ ಒರೆಸಿದಳು.

ಮರುದಿನ ಬೆಳಿಗ್ಗೆ ಮಹಾರಾಣಿ ಅದನ್ನು ಹೊಲಿದರು. ಮತ್ತೆ ದೊಗಲೆ. ‘ಇದೇನು, ಗೆರೆ ನಾನೇ ಅಳೆದಿದ್ದೆನಲ್ಲ’ ಎಂದು ಆಕೆ ತಬ್ಬಿಬ್ಬಾದರು.

‘ಕೈಗೆ ರೂಢಿ ಆಗಿಬಿಟ್ಟಿದೆ ನೋಡಿ, ಹೇಳಿದ್ರೆ ಕೇಳಲ್ಲ’ ಎಂದಳು ನನ್ನ ಗೆಳತಿ. ‘ನನ್ನಿಂದ ಇಲ್ಲಿ ಆಗಲ್ಲ ಅಕ್ಕ. ಕರೆದ್ರಲ್ಲ, ಅದೇ ಸಂತೋಷ.’ ಹೊರಡುವ ಮೊದಲು ಅವಳು ಆ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ಆ ಮೇಜು ಅವಳಿಗೆ ಇಷ್ಟವಾಗಿತ್ತು. ಅದು ನನಗೆ ಗೊತ್ತಿದೆ.

ಲಾಂಚು ಹೊರಟು ದ್ವೀಪ ಚಿಕ್ಕದಾಯಿತು. ಕವರ್ ಬಿಚ್ಚಿ ನನ್ನ ತೊಡೆಯ ಮೇಲೆ ಸಿದ್ಧವಾಗಿಟ್ಟವಳು ಅವಳೇ.

‘ನೀನು ಗೆರೆ ಬಿಟ್ಟು ಕಟ್ ಮಾಡ್ದೆ’ ಎಂದೆ. ‘ನಾನು ನೋಡ್ದೆ.’

‘ಏನ್ ಮಾಡ್ಲಿ’ ಎಂದಳು ನೀರಿನ ಕಡೆ ನೋಡುತ್ತ. ‘ಕಣ್ಣು ಮಂಜಲ್ವಾ ನಂಗೆ.’

ನಾನು ನಗಲೂ ಆಗದೆ ಅಳಲೂ ಆಗದೆ ಕವರಿನಲ್ಲಿ ಮುಖವಿಟ್ಟೆ. ಅವಳು ನನ್ನ ಹಣೆ ಹಿಡಿದುಕೊಂಡಳು.

ಈಗ ಮತ್ತೆ ಅದೇ ಕೋಣೆ, ಅದೇ ಗೋಡೆ. ಮಹಾರಾಣಿ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ, ಇವಳು ನಗುತ್ತಾಳೆ, ನಾನು ಪೆಡಲ್ ಜೋರಾಗಿ ತುಳಿದು ಮಾತು ಕೇಳದ ಹಾಗೆ ಮಾಡುತ್ತೇನೆ. ಬಂದ ಮೊದಲ ವಾರ, ಇನ್ನು ಯಾರ ಹಂಗೂ ಬೇಡ ಎಂದು ಮಿಷನ್ನಿನ ತಟ್ಟೆಯ ಮೇಲೆ ಅರ್ಧ ಇಂಚಿಗೆ ಒಂದು ಪಟ್ಟಿ ಅಂಟಿಸಿಕೊಂಡು ಕೂತೆ. ಹಿಂದೆ ತಿರುಗಿ ಕೂಡ ನೋಡದೆ, ಬರೀ ಮಿಷನ್ನಿನ ಸದ್ದಿನಲ್ಲೇ ಅವಳಿಗೆ ಗೊತ್ತಾಯಿತು.

‘ಸುಮ್ನೆ ನಿನ್ ಥರ ಹೊಲಿಯೇ’ ಎಂದಳು. ‘ಬಟ್ಟೆ ಬಿಟ್ಟಿದೀನಿ.’

ಸಮುದ್ರದ ಕಿಟಕಿ ಬಿಟ್ಟು ನನ್ನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಲು ಬಂದವಳು ಅವಳು. ಇಷ್ಟಾದರೂ ನನ್ನ ಹೊಟ್ಟೆಕಿಚ್ಚು ಇಳಿಯಿತೇ ಎಂದರೆ ಇಲ್ಲ. ದೊಡ್ಡ ಮನಸ್ಸೂ ಅವಳ ಪಾಲಿಗೇ ಬರಬೇಕಿತ್ತೇ ಎಂದು ಈಗ ಅದಕ್ಕೂ ಸೇರಿಸಿ ಉರಿಯುತ್ತದೆ. ಪಟ್ಟಿ ಕಿತ್ತುಹಾಕಿ ಮುಕ್ಕಾಲು ಇಂಚಿಗೆ ಹೊಲಿದೆ.